ಹದಿನೇಳನೆಯ ಗುಂಪು ಮತ್ತು ಎಂದಾರ್ವತಿಯ ಚೀಟಿ

ಬೆಳಗಿನ ಐದು ಗಂಟೆ. ಸೆಮಾರಂಗ್ ನಗರದ ಉತ್ತರ ತೀರದ ಪಂಪು ನಿಯಂತ್ರಣ ಕೋಣೆಯಲ್ಲಿ ಎಂದಾರ್ವತಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಪಕ್ಕದಲ್ಲಿ ಕಚ್ಚಿಬಿಟ್ಟ ತೆಂಪೆ ಎಂಬ ಸೋಯಾ ಬಿಲ್ಲೆ, ಆರಿದ ಚಹಾ. ಪರದೆಯ ಮೇಲೆ ಒಂದೇ ಉತ್ತರ ಮತ್ತೆ ಮತ್ತೆ ಬರುತ್ತಿದೆ: ಗುರುತಿಗೆ ಒಪ್ಪಿಗೆಯಿಲ್ಲ.

ಫೋನಿನಲ್ಲಿ ಒಂಬತ್ತನೆಯ ಪಂಪುಮನೆಯ ಕಾವಲುಗಾರ ಕಾಸ್ಮುರಿ. ಅವರಿಗೆ ಇವರು 'ಬು', ಅಂದರೆ ಅಮ್ಮ; ಇವರಿಗೆ ಅವರು 'ಪಾ', ಅಂದರೆ ಅಪ್ಪ. "ಏನ್ರೀ ಬು, ನಿಮ್ ಯಂತ್ರಕ್ಕೆ ನನ್ಮೇಲೆ ಮುನಿಸಾ? ಕಡಲ ನೀರು ಮಸೀದಿ ಮೆಟ್ಲು ಹತ್ತಿದೆ. ಕೈಲಿ ತಿರುಗ್ಸೋಣ ಅಂದ್ರೆ ಸ್ವಿಚ್ಚು ಉಪ್ಪು ಹಿಡ್ದು ಕೂತಿದೆ."

"ನಿಮ್ಮೇಲಲ್ಲ ಪಾ, ನನ್ಮೇಲೆ. ನಾನ್ಯಾರು ಅಂತ ಕೇಳ್ತಿದೆ."

"ಹತ್ತೊಂಬತ್ತು ವರ್ಷ ದುಡಿದ್ಮೇಲಾ? ನಮ್ಮತ್ತೆಗೂ ಇಷ್ಟು ಮರೆವಿಲ್ಲ!"

ಹಗಲು ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿದು, ಸಂಜೆ ತರಗತಿಯಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿತವರು ಎಂದಾರ್ವತಿ. ಇಂದಿಗೂ ಅವರದು ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆ ಕೆಲಸ. ಅವರು ಬರೆದ ಪ್ರೋಗ್ರಾಮು ಐದು ನಿಮಿಷಕ್ಕೊಮ್ಮೆ ಒಂಬತ್ತು ಪಂಪುಮನೆಗಳ ಕಂಪ್ಯೂಟರುಗಳನ್ನು ದೂರದಿಂದಲೇ ಕರೆಯುತ್ತದೆ. ದಿನಕ್ಕೆ ಎರಡು ಸಾವಿರದ ಐನೂರ ತೊಂಬತ್ತೆರಡು ಕರೆ. ಪ್ರತಿ ಕರೆಯ ಜೊತೆ ಒಂದು ಗುರುತಿನ ಚೀಟಿ ಹೋಗುತ್ತದೆ: ಯಾವ ಯಂತ್ರ, ಯಾವ ಬಳಕೆದಾರ, ಯಾವ ಯಾವ ಅನುಮತಿ ಗುಂಪಿನ ಸದಸ್ಯ. ಚೀಟಿ ಒಪ್ಪಿಗೆಯಾಗದಿದ್ದರೆ ಆ ಕಡೆಯ ಯಂತ್ರ ಕೆಲಸ ಮುಟ್ಟುವುದೇ ಇಲ್ಲ.

ಕಡಲ ಉಬ್ಬರ ಏಳು ಗಂಟೆಗೆ. ಅಷ್ಟರೊಳಗೆ ಪಂಪು ತಿರುಗದಿದ್ದರೆ ತಗ್ಗಿನ ನಲವತ್ತು ಮನೆಗಳೊಳಗೆ ನೀರು.

ಎಂದಾರ್ವತಿ ಚೀಟಿಯಲ್ಲಿರುವುದನ್ನು ಸಾಲಾಗಿ ಅಚ್ಚು ಹಾಕಿಸಿ, ಬೆರಳಿಟ್ಟು ಎಣಿಸುತ್ತಾರೆ. ಹದಿನಾರು ಗುಂಪು. ಮತ್ತೊಮ್ಮೆ ಎಣಿಸುತ್ತಾರೆ. ಆಮೇಲೆ ಹಣೆ ಹಿಡಿದುಕೊಳ್ಳುತ್ತಾರೆ. ಈ ಚೀಟಿಯಲ್ಲಿ ಹದಿನಾರು ಗುಂಪಿಗಷ್ಟೇ ಜಾಗ. ನಿನ್ನೆ ಮಧ್ಯಾಹ್ನ ಅಲೆಮಾಪನದ ವರದಿ ಓದಲೆಂದು ಅವರೇ ತಮ್ಮನ್ನು ಇನ್ನೊಂದು ಗುಂಪಿಗೆ ಸೇರಿಸಿಕೊಂಡಿದ್ದರು. ಹದಿನೇಳಾಯಿತು. ಇಂದು ನಸುಕಿನಲ್ಲಿ ಪ್ರೋಗ್ರಾಮು ಪಟ್ಟಿಯನ್ನು ಹೊಸದಾಗಿ ಓದಿದಾಗ ಹೊಸ ಗುಂಪು ನಡುವೆ ನುಸುಳಿ, ಕೊನೆಗೆ ಸರಿದ ಒಂಬತ್ತನೆಯ ಪಂಪುಮನೆಯ ಗುಂಪು ಸದ್ದಿಲ್ಲದೆ ಚೀಟಿಯಿಂದ ಹೊರಬಿದ್ದಿತ್ತು.

"ತಪ್ಪು ನಂದೇ ಪಾ. ಇನ್ಯಾರನ್ನೂ ಬೈಬೇಡಿ."

"ಬೈಯೋದು ಆಮೇಲೆ. ಮೊದ್ಲು ನೀರೆತ್ತಿಸಿ ತಾಯಿ!"

ಇರುವ ಗುಂಪುಗಳನ್ನೆಲ್ಲ ತಾನಾಗಿ ತುಂಬಿಕೊಳ್ಳುವ ಪ್ರೋಗ್ರಾಮಿನ ಸಾಲನ್ನು ಅವರು ಅಳಿಸುತ್ತಾರೆ. ಯಾವ ಪಂಪುಮನೆಗೆ ಕರೆಯೋ ಅದರ ಗುಂಪೊಂದನ್ನೇ ಚೀಟಿಗೆ ಬರೆಯುತ್ತಾರೆ. ಅವಸರದಲ್ಲೂ, ಹೊಸ ಚೀಟಿ ಹಿಡಿಸುವ ಮೊದಲು ಹಳೆಯದನ್ನು ನಾಶಮಾಡುವ ಸಾಲನ್ನು ಮರೆಯುವುದಿಲ್ಲ. ಬಿಟ್ಟರೆ ಹಳೆಯ ಚೀಟಿಗಳು ಯಂತ್ರದ ನೆನಪಿನಲ್ಲಿ ಕಸದಂತೆ ಬೆಳೆಯುತ್ತವೆ. ಆರೂ ಹತ್ತಕ್ಕೆ ಕರೆ ಕಳಿಸುತ್ತಾರೆ.

ಫೋನಿನಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಗುಡುಗಿನಂಥ ಸದ್ದು, ಅದರ ಮೇಲೆ ಕಾಸ್ಮುರಿಯ ಕೂಗು: "ತಿರುಗ್ತು! ಎಳೀತಿದೆ ಬು, ಎಳೀತಿದೆ!"

ಏಳೂವರೆಗೆ ಮಸೀದಿಯ ಮೆಟ್ಟಿಲು ಮತ್ತೆ ಕಾಣುತ್ತದೆ. ಜನ ಪಂಪುಮನೆಯ ಮುಂದೆ ಕಾಸ್ಮುರಿಗೆ ಕಾಫಿ ತಂದುಕೊಟ್ಟಿದ್ದಾರಂತೆ. ಎಂದಾರ್ವತಿಯ ಹೆಸರನ್ನು ಯಾರೂ ಎತ್ತಿಲ್ಲ; ಬೇಸರವಿಲ್ಲವೇ ಎಂದು ಕಾಸ್ಮುರಿ ಫೋನಿನಲ್ಲಿ ಕೇಳುತ್ತಾರೆ.

ಅವರು ಗುಂಪುಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ ಪರದೆ ಆರಿಸುತ್ತಾರೆ. "ನಾನ್ಯಾರು ಅಂತ ಊರಿಗ್ಯಾಕೆ ಗೊತ್ತಾಗ್ಬೇಕು? ಪಂಪಿಗೆ ಗೊತ್ತಾದ್ರೆ ಸಾಕು."