ತಮ್ಮನ ಪಿಸ್ಟನ್ ತಿಕ್ಕಿದ ಅಣ್ಣ

ಅವಳು ಸ್ವಂತ ಅತ್ತೆ ತನ್ನ ಅಣ್ಣನ ಇಬ್ಬರು ಗಂಡುಮಕ್ಕಳಿಗೆ ಮಾತ್ರ. ಆದರೆ ಊರಿನ ಬ್ಯಾಂಡಿನವರೆಲ್ಲ ಅವಳನ್ನು ಪಿಸ್ಟನ್ ಅತ್ತೆ ಎಂದೇ ಕರೆಯುತ್ತಿದ್ದರು. ಅಪ್ಪನ ಲೇತ್ ಮಷಿನಿನ ಸದ್ದಿನಲ್ಲೇ ಬೆಳೆದವಳು. ಗಂಡನ ಟ್ರಂಪೆಟ್ ಕೈಕೊಟ್ಟಾಗ ಬಿಚ್ಚಿ, ಕೆಡಿಸಿ, ಬೈಸಿಕೊಂಡು, ಮತ್ತೆ ಜೋಡಿಸಿ, ಯಾರ ಕಾಲೂ ಹಿಡಿಯದೆ ರಿಪೇರಿ ಕಲಿತಳು. ಟ್ರಂಪೆಟ್ಟಿನಲ್ಲಿ ಬೆರಳೊತ್ತುವ ಮೂರು ಪಿಸ್ಟನ್ನುಗಳೂ ತಮ್ಮ ತಮ್ಮ ಕೊಳವೆಯಲ್ಲಿ ಕೂದಲೆಳೆಯಷ್ಟೂ ಸಡಿಲವಿಲ್ಲದೆ ಜಾರಬೇಕು. ಒಂದರದ್ದನ್ನು ಇನ್ನೊಂದಕ್ಕೆ ತುರುಕುವುದೆಂದರೆ ಪಕ್ಕದ ಮನೆಯವರ ಹಲ್ಲುಸೆಟ್ಟು ಬಾಯಿಗಿಟ್ಟುಕೊಂಡ ಹಾಗೆ ಎನ್ನುವಳು.

ಅಣ್ಣನ ಮಕ್ಕಳಿಗೆ ಒಂದೇ ಅಚ್ಚಿನ ಎರಡು ಟ್ರಂಪೆಟ್ ಅಣಿಮಾಡಿ ಕೊಟ್ಟವಳೂ ಅವಳೇ. ಅದಲುಬದಲಾಗದಿರಲೆಂದು ದೊಡ್ಡವನ ಪಿಸ್ಟನ್ನುಗಳಿಗೆ ಒಂದೊಂದು ಚುಕ್ಕೆ ಕೊರೆದಿದ್ದಳು, ಚಿಕ್ಕವನವಕ್ಕೆ ಎರಡೆರಡು.

ಅವತ್ತು ಸಂಜೆ ಚಿಕ್ಕವನು ಮೊದಲ ಸಲ ಬ್ಯಾಂಡಿನ ಮುಂದೆ ನಿಂತು ಒಬ್ಬನೇ ಊದಬೇಕಿತ್ತು. ಬೆಳಿಗ್ಗೆ ನೋಡಿದರೆ ನಡುವಿನ ಪಿಸ್ಟನ್ ಒತ್ತಿದರೆ ಮೇಲೇಳದು. ಮುಖ ಸಪ್ಪಗೆ ಮಾಡಿಕೊಂಡು ಅತ್ತೆಯ ಮನೆಗೆ ಓಡಿಬಂದ. ದೊಡ್ಡವನು ತನ್ನ ಟ್ರಂಪೆಟ್ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದ.

"ಅತ್ತೆಗೆ ಕಣ್ಣು ಮಂಜಾಗಿದೆ ಕಣೋ. ಕೆಲಸ ಮೊದಲಿನ ಹಾಗಿಲ್ಲ. ಇವತ್ತು ನಾನೇ ಊದ್ತೀನಿ ಬಿಡು."

ಅವಳು ಚಿಕ್ಕವನ ಟ್ರಂಪೆಟ್ಟಿನಿಂದ ಪಿಸ್ಟನ್ ಹೊರಗೆಳೆದು ಬೆರಳಾಡಿಸಿದಳು. ಒಂದೇ ಚುಕ್ಕೆ.

"ನಿನ್ನದು ತಾರೋ ಇಲ್ಲಿ," ಎಂದಳು ದೊಡ್ಡವನಿಗೆ.

"ಎರಡೂ ಒಂದೇ ಅಲ್ವಾ ಅತ್ತೆ? ನಂದು ಅಂಟ್ತಿತ್ತು, ಬದಲಾಯಿಸಿದೆ."

"ಅವನದು ನಿನ್ನ ಕೊಳವೆಗೆ ಹೇಗೆ ಇಳೀತು?"

"ಸ್ವಲ್ಪ ತಿಕ್ಕಿದೆ. ಪಾತ್ರೆ ತಿಕ್ಕೋ ಪುಡೀಲಿ."

ಅವಳ ಮೈಯೆಲ್ಲ ಉರಿದುಹೋಯಿತು. "ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರಲ್ಲ, ಅದು ನೀನೇ. ನಿನ್ನ ಉಗುಳು ಒಣಗಿ ಗೋಂದಾಗಿತ್ತು, ಅಷ್ಟೇ. ಸೋಪಿನ ನೀರು ಕಂಡ್ರೆ ನಿನಗೆ ಜ್ವರ ಬರುತ್ತಾ?"

ಒಂದು ಚುಕ್ಕೆಯದನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹನಿಸಿ ದೊಡ್ಡವನ ಟ್ರಂಪೆಟ್ಟಿನಲ್ಲಿ ಅದರದೇ ಕೊಳವೆಗೆ ಇಳಿಸಿದಳು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಜಾರಿತು. ತಿಕ್ಕಿ ಸವೆಸಿದ್ದ ಎರಡು ಚುಕ್ಕೆಯದನ್ನು ಚಿಕ್ಕವನದಕ್ಕೆ ಹಾಕಿ ಊದಿಸಿದರೆ ಸ್ವರಕ್ಕಿಂತ ಮುಂಚೆ ಗಾಳಿ ಪುಸ್ಸೆಂದಿತು. ಮತ್ತೆ ನಿಕ್ಕಲ್ ಲೇಪ ಹಿಡಿಸಿ ಹದವಾಗಿ ತೀಡುವ ತನಕ ಅದಕ್ಕೆ ಗತಿಯಿಲ್ಲ.

ಪಿಸ್ಟನ್ ಜಾರಿದ ಟ್ರಂಪೆಟ್ಟನ್ನು ಚಿಕ್ಕವನ ಕೈಗೆ ಕೊಟ್ಟಳು. ಪುಸ್ಸೆಂದದ್ದನ್ನು ದೊಡ್ಡವನ ಮಡಿಲಿಗೆ ಹಾಕಿದಳು.

"ಅತ್ತೆ, ಅದು ನಂದು."

"ನೀನು ತಿಕ್ಕಿದ್ದು ಇದು. ನೀನೇ ಊದು."

"ಇದರಲ್ಲಿ ಗಾಳಿ ಸೋರುತ್ತೆ, ನೋಡು."

"ಎಲ್ಲಿ ನೋಡ್ಲಪ್ಪ," ಎಂದಳು ಅತ್ತೆ, ಕೈಯ ಎಣ್ಣೆ ಒರೆಸಿಕೊಳ್ಳುತ್ತಾ. "ನನಗೆ ಕಣ್ಣು ಮಂಜು."