ಕಳ್ಳನ ಕೈಯ ಸಕ್ಕರೆ ಬೇಡವಂತೆ

ನಿನ್ನೆ ಬಸವಕಲ್ಯಾಣದಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥ. ಗಂಡಿನ ಮನೆಯ ಅಂಗಳದಲ್ಲೇ ಪೆಂಡಾಲ್ ಹಾಕಿದ್ದರು. ಇನ್ನೇನು ಶುರುವಾಗಬೇಕು, ಗಂಡಿನ ಸೋದರಮಾವ ನನ್ನನ್ನು ಮೂಲೆಗೆ ಕರೆದ.

"ಕಾಕಾ, ಸಕ್ಕರಿ ಹಾಕಾಕ ಹುಡುಗಿ ಅಪ್ಪ ಬ್ಯಾಡ್ರಿ. ನೀವ ಕುಂಡ್ರಿ."

ನಮ್ಮ ಕಡೆ ಇಬ್ಬರು ಬೀಗರು ಎದುರುಬದುರು ಕೂತು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಬೇಕು. ಅಲ್ಲಿಗೆ ಮಾತು ಪಕ್ಕಾ.

ಅಪ್ಪ ಸತ್ತಿದ್ದರೆ ಮಾತ್ರ ನನ್ನಂಥ ಮಾವ ಕೂಡುವುದು. ಇವಳ ಅಪ್ಪ ಹೊಸ ಧೋತರ ಉಟ್ಟು ಅಲ್ಲೇ ಇದ್ದಾನೆ... ಚಪ್ಪಲಿ ಬಿಟ್ಟ ಕಡೆ ನಿಂತಿದ್ದಾನೆ.

ಯಾಕೆ ಅಂದೆ.

"ಜೇಲಿಗಿ ಹೋಗಿ ಬಂದಾರಲ್ರಿ. ನಾಲ್ಕು ಮಂದಿ ಮಾತಾಡ್ತಾರ."

ಹೋಗಿ ಬಂದದ್ದು ಖರೆ. ಬೇಮಳಖೇಡದಲ್ಲಿ ಯಾರದೋ ಬಾವಿಯ ಮೋಟರ್ ಕಳುವಾದಾಗ ಅನುಮಾನದ ಮೇಲೆ ಹಿಡಿದು ಒಯ್ದಿದ್ದರು. ಕದ್ದವರು ಆಮೇಲೆ ಸಿಕ್ಕರು, ಮೋಟರೂ ಸಿಕ್ಕಿತು.

ಕೋರ್ಟು ಇವನನ್ನು ಬಿಟ್ಟಿತು. ಮಂದಿ ಬಿಡಲಿಲ್ಲ. ಹುಮನಾಬಾದಿನ ಅವನ ಓಣಿಯಲ್ಲಿ ಇವತ್ತಿಗೂ ಯಾರದಾದರೂ ಕೊಡ ಕಾಣದಿದ್ದರೆ ಮೊದಲು ಅವನ ಮನೆ ಕಡೆ ನೋಡುತ್ತಾರೆ.

ನಾನು ಸಾಲಿ ಅರ್ಧಕ್ಕೆ ಬಿಟ್ಟವನು, ನಯವಾಗಿ ಮಾತಾಡಲು ಬರುವುದಿಲ್ಲ. ಸಿಟ್ಟಿಗೆ ತಲೆ ಎತ್ತಿದೆ, ಆಗ ಕಣ್ಣಿಗೆ ಬಿತ್ತು. ಪೆಂಡಾಲಿನ ಪಂಖಾ, ಸ್ಪೀಕರು, ಲೈಟಿನ ಸರ... ಎಲ್ಲ ನಡೆದದ್ದು ರಸ್ತೆಯ ಕಂಬದ ತಂತಿಗೆ ಕೊಂಡಿ ಹಾಕಿ ಎಳೆದ ಕರೆಂಟಿನ ಮೇಲೆ.

ಸೀದಾ ಗಂಡಿನ ಅಪ್ಪನ ಹತ್ತಿರ ಹೋದೆ. "ಬೀಗರ, ಇದೇನ್ರಿ ಇದು?"

"ಅದರಾಗ ಏನದರಿ, ಎಲ್ಲಾರೂ ಹಾಕ್ತಾರ" ಅಂತ ನಕ್ಕ.

"ಎಲ್ಲಾರೂ ಕದ್ದರ ಅದು ರಿವಾಜು. ಕದಿಯದ ಇದ್ದ ಒಬ್ಬವ ಕಳ್ಳ. ಇದ್ಯಾವ ನ್ಯಾಯರಿ? ಆ ಕೊಂಡಿ ತೆಗಸ್ರಿ, ಇಲ್ಲಾ ಹುಡುಗಿ ಅಪ್ಪಗ ಕರದು ಎದುರಿಗಿ ಕುಂಡ್ರಸ್ರಿ."

ಸ್ಪೀಕರ್ ಹಾಡುತ್ತಲೇ ಇತ್ತು, ಮಂದಿ ನನ್ನ ಕಡೆ ತಿರುಗಿದರು. ಹಿಂದಿನಿಂದ ಯಾರೋ ಅಂದರು, "ಮುದುಕಗ ಬಿಸಲು ಬಡದದ, ನಿಂಬಿ ಶರಬತ್ ಕೊಡ್ರೋ." ಎಲ್ಲರೂ ನಕ್ಕರು. ನಮ್ಮ ಕಡೆಯವರೂ ನಕ್ಕರು.

ತಂಗಿ ಬಂದು ತೋಳು ಹಿಡಿದಳು. "ಅಣ್ಣಾ, ಸುಮ್ ಕುಂಡ್ರು. ನನ್ನ ಮಗಳ ಬಾಳೇವು ಅದ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಅವಳ ಗಂಡನ ಮೇಲೆ. ಚಪ್ಪಲಿಗಳನ್ನು ದಾಟಿ ಬಂದು ನನಗೇ ಕೈ ಮುಗಿದ. "ಅಣ್ಣಾರ, ನೀವ ಹಾಕ್ರಿ. ನನಗೇನೂ ಇಲ್ರಿ."

ಇಷ್ಟು ವರ್ಷ ಮಂದಿ ಕಳ್ಳ ಅಂದು ಅಂದು, ಅವನಿಗೂ ತನ್ನ ಕೈ ಮುಟ್ಟಬಾರದ ಕೈ ಅನ್ನಿಸಿಬಿಟ್ಟಿದೆ.

ನಾನು ಕೂಡಲಿಲ್ಲ. ಶಲ್ಯ ಹೆಗಲಿಗೆ ಹಾಕಿಕೊಂಡು ಹುಮನಾಬಾದ್ ಬಸ್ ಹತ್ತಿದೆ.

ಆಮೇಲೆ ತಂಗಿಯ ಮೈದುನ ಕೂತು ಸಕ್ಕರೆ ಹಾಕಿದನಂತೆ. ಹುಡುಗಿಯ ಅಪ್ಪ ಪಂಕ್ತಿಯಲ್ಲಿ ನೀರು ಬಡಿಸಿದನಂತೆ. ಆ ನೀರನ್ನು ಎಲ್ಲರೂ ಕುಡಿದರಂತೆ.

ಬೆಳಿಗ್ಗೆಯಿಂದ ನಮ್ಮವರ ಫೋನ್ ಬರುತ್ತಲೇ ಇವೆ. ಹಿರಿಯನಾಗಿ ರೀತಿ ರಿವಾಜು ತಿಳಿಯದೆ ನಡೆದೆ, ಬೀಗರಿಗೆ ಮಾಫ್ ಕೇಳು ಅನ್ನುತ್ತಿದ್ದಾರೆ. ಕೊಂಡಿ ಹಾಕಿದವರಿಗೆ ನಾನು ಮಾಫ್ ಕೇಳಬೇಕಂತೆ...

ಕೇಳುವುದಿಲ್ಲ. ಲಗ್ನದ ದಿನ ಮಗಳ ಕೈ ಹಿಡಿದು ಕೊಡುವ ಹೊತ್ತಿಗೆ ಆ ಅಪ್ಪನನ್ನು ಎಲ್ಲಿ ನಿಲ್ಲಿಸುತ್ತೀರಿ, ಅದನ್ನಷ್ಟು ಯಾರಾದರೂ ನನಗೆ ಹೇಳಿ.