ಖಾಲಾ ಮನೆಯ ಕಡ್ಲೆಕಾಯಿ

ಮೊನ್ನೆ ಅಡುಗೆಮನೆಯಿಂದ ಹುರಿದ ಕಡ್ಲೆಕಾಯಿಯ ವಾಸನೆ ಬಂತು. ಬಂದದ್ದೇ ತಡ, ಪಕ್ಕದ ಮನೆಯ ಖಾಲಾ ನೆನಪಾದರು. ಚಿಕ್ಕಮ್ಮ ಅನ್ನುವ ಹಾಗೆ ನಮ್ಮ ಶಿರಾದ ಬೀದಿಯ ಮಕ್ಕಳೆಲ್ಲ ಅವರನ್ನು ಖಾಲಾ ಅಂತಲೇ ಕರೆಯುತ್ತಿದ್ದರು. ನೆನಪಿನ ಜೊತೆಗೇ ಹೊಟ್ಟೆಯೊಳಗೆ ಸಣ್ಣಗೆ ಉರಿ. ಅವರು ತೀರಿಹೋಗಿ ವರ್ಷವಾಯಿತು, ಉರಿ ಮಾತ್ರ ಆರಿಲ್ಲ.

ನನ್ನ ಕಿವಿ ಚಿಕ್ಕಂದಿನಿಂದಲೂ ಹಾಗೆ. ಯಾರಾದರೂ ಕರುಂ ಕುರುಂ ಎಂದು ಅಗಿದರೆ, ಟೀ ಸೊರ್ರೆಂದು ಹೀರಿದರೆ ಮೈಯೆಲ್ಲ ಬಿಗಿಯುತ್ತದೆ. ಎದುರಿಗಿದ್ದವರನ್ನು ಎದ್ದು ಬಾರಿಸಬೇಕು ಅನ್ನಿಸುವಷ್ಟು ಸಿಟ್ಟು. ಇದಕ್ಕೊಂದು ಹೆಸರಿದೆ ಎಂದು ಈಚೆಗೆ ಡಾಕ್ಟರು ಹೇಳಿದರು. ಆಗೆಲ್ಲ ಮನೆಯವರು ಇದಕ್ಕಿಟ್ಟಿದ್ದ ಹೆಸರು ಕೊಬ್ಬು.

ಮಗಳಿಗೆ ಹಲ್ಲು ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಎದೆಗವಚಿಕೊಂಡು ಸಾಕಿದ ಕೂಸು ಚಕ್ಕುಲಿ ಕಡಿದರೆ ನನಗೆ ಸಹಿಸಲಾಗುತ್ತಿರಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಎರಡು ಹೊತ್ತೂ ರಾಗಿಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅವಳೂ ನನ್ನ ಮುಖ ನೋಡುತ್ತಾ ನುಂಗುತ್ತಿದ್ದಳು. ನುಂಗಿ, ಕೈ ತೊಳೆದು, ಸೀದಾ ಖಾಲಾ ಮನೆಗೆ ಓಟ.

ಆ ಮನೆಯ ಮುಂದುಗಡೆಯೇ ಖಾಲಾ ಅವರ ಯಜಮಾನರು ತಗಡಿನ ಟ್ರಂಕು ಬಡಿಯುತ್ತಿದ್ದರು. ಆ ಸದ್ದು ನನಗೇನೂ ಮಾಡುತ್ತಿರಲಿಲ್ಲ. ಖಾಲಾಗೆ ಅದೇ ಸೋಜಿಗ. "ಅರೆ, ಸುತ್ತಿಗೆ ಸದ್ದು ತಡ್ಕೋತೀಯ, ಇಷ್ಟು ಸಣ್ಣ ಮಗು ತಿನ್ನೋದು ತಡ್ಕೊಳ್ಳಕಾಗಲ್ವಾ ನಿಂಗೆ? ಇದೆಂಗಮ್ಮಾ?" ಎಂದು ಕೇಳಿದ್ದರು.

ಒಂದು ಸಂಜೆ ಮಗಳನ್ನು ಕರೆಯಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಅವಳು ಖಾಲಾ ತೊಡೆಗೆ ಒರಗಿ, ಬಾಯಿ ತುಂಬ ಕಡ್ಲೆಕಾಯಿ ಅಗಿಯುತ್ತಲೇ ಸ್ಕೂಲಿನ ಕತೆ ಹೇಳುತ್ತಿದ್ದಳು. ನನಗೆ ಒಂದು ದಿನವೂ ಹೇಳದ ಕತೆ. "ಜೋರಾಗಿ ತಿನ್ನು ಬೇಟಾ, ಗಿಣಿ ತಿಂದಂಗೆ ತಿನ್ನು," ಎಂದು ಖಾಲಾ ನಗುತ್ತಿದ್ದರು. ಆ ಸದ್ದಿಗೆ ನನ್ನ ಉಗುರು ಅಂಗೈಗೆ ಇಳಿದಿತ್ತು. ಈ ಹೆಂಗಸಿಗೆ ದೇವರು ಎಂಥ ಕಿವಿ ಕೊಟ್ಟಿದ್ದಾನಪ್ಪ ಅಂತ ಹೊಟ್ಟೆ ಉರಿದುಹೋಯಿತು. ಹೆತ್ತವಳು ನಾನು, ಹರಟೆಯೆಲ್ಲ ಆಕೆಗೆ.

ಮಾರನೆಯ ದಿನ ಹಟಕ್ಕೆ ಬಿದ್ದು ನಾನೇ ಒಂದು ಬಾಣಲೆ ಕಡ್ಲೆಕಾಯಿ ಹುರಿದೆ. "ಇಲ್ಲೇ ಕೂತ್ಕೊಂಡು ತಿನ್ನು" ಎಂದೆ. ಮಗಳು ಒಂದು ಬೀಜ ಬಾಯಿಗೆ ಹಾಕಿಕೊಂಡಳು. ಅಗಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಮೆತ್ತಗಾಗಲಿ ಎಂದು ಕೆನ್ನೆಯೊಳಗೆ ಇಟ್ಟುಕೊಂಡಳು.

"ಇದನ್ನ ಖಾಲಾ ಮನೇಲಿ ತಿನ್ಲಾ ಅಮ್ಮಾ?"

ಬಟ್ಟಲು ಹಿಡಿದುಕೊಂಡು ಹೊರಟೇಬಿಟ್ಟಳು. ನಾನು ಹುರಿದದ್ದೂ ಆಕೆಯ ಪಾಲಾಯಿತು.

ಈಗ ಮಗಳು ತುಮಕೂರಿನಲ್ಲಿ ಓದುತ್ತಿದ್ದಾಳೆ. ಮೊನ್ನೆ ಕಡ್ಲೆಕಾಯಿ ಹುರಿದವಳೂ ಅವಳೇ, ರಜೆಗೆ ಬಂದಿದ್ದಳು. ಹುರಿದದ್ದನ್ನು ಬಟ್ಟಲಿಗೆ ಸುರಿದುಕೊಂಡು, ಬೀಗ ಬಿದ್ದಿರುವ ಖಾಲಾ ಮನೆಯ ಜಗುಲಿಗೆ ಹೋಗಿ ಒಬ್ಬಳೇ ಕೂತಳು. ಸ್ವಲ್ಪ ಹೊತ್ತಿಗೆ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವಳ ದವಡೆ ತಾನಾಗಿ ನಿಂತಿತು.

"ತಿನ್ನೇ, ಪರವಾಗಿಲ್ಲ," ಎಂದೆ.

"ಸಾಕಮ್ಮ, ಹೊಟ್ಟೆ ತುಂಬ್ತು," ಎಂದಳು. ಕೆನ್ನೆ ಇನ್ನೂ ಉಬ್ಬಿತ್ತು.

ಖಾಲಾ ಇದ್ದಿದ್ದರೆ... ಹೊಟ್ಟೆಕಿಚ್ಚು ಪಡಲಿಕ್ಕಾದರೂ ಅವರು ಇರಬೇಕಿತ್ತು. ಅವಳು ತಿನ್ನಲಿ ಎಂದು ನಾನು ಎದ್ದು ನಮ್ಮ ಮನೆಯೊಳಗೆ ಬಂದೆ.